ಫೈನಲ್ ಎಂದರೆ ಕೊನೆಯೋ, ಅಖೈರೋ, ಅಂತಿಮವೋ? ಒಂದು ನೋಟಿಸಿನಿಂದ ಎದ್ದ ಪ್ರಶ್ನೆ

ಮಡಿಕೇರಿ ಮಂಜು

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಬಗ್ಗೆ ಕೇಳಬೇಕಾಗಿದೆ. ಹಿನ್ನೆಲೆ ಹೇಳದಿದ್ದರೆ ಪ್ರಶ್ನೆ ಅರ್ಧವಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ತಂದೆ ತೀರಿಕೊಂಡರು. ತೋಟಕ್ಕೆ ನೀರೆತ್ತುವ ಮೋಟಾರಿಗಾಗಿ ಅವರು ಮಾಡಿದ್ದ ಸಾಲದ ಕಂತನ್ನು ಈಗ ಅಮ್ಮ ಕಟ್ಟುತ್ತಿದ್ದಾರೆ. ಎರಡು ಕಂತು ತಡವಾಯಿತು. ಕಳೆದ ವಾರ ಸಾಲ ಕೊಟ್ಟ ಫೈನಾನ್ಸ್ ಸಂಸ್ಥೆಯಿಂದ ಒಂದು ಕಾಗದ ಬಂತು. ಮೇಲೆ ಇಂಗ್ಲಿಷಿನಲ್ಲಿ 'ಫೈನಲ್ ನೋಟಿಸ್', ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಅಂತಿಮ ಸೂಚನೆ'.

ಅಮ್ಮ ಓದಿದ್ದು ಏಳನೆಯ ತರಗತಿಯವರೆಗೆ. ಆದರೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯ ಪುಟದವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. 'ಅಂತಿಮ' ಎಂಬ ಪದವನ್ನು ಅವರು ಕಂಡಿರುವುದು ಹೆಚ್ಚಾಗಿ ಎರಡು ಕಡೆ: ಅಂತಿಮ ದರ್ಶನ, ಅಂತಿಮ ಸಂಸ್ಕಾರ. ನಾನು ಕೆಲಸ ಮುಗಿಸಿ ಮನೆಗೆ ಬಂದಾಗ ದೀಪ ಹಚ್ಚಿರಲಿಲ್ಲ. ಅಮ್ಮ ಜಗಲಿಯಲ್ಲಿ ಆ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. "ಇನ್ನು ಮನೆ ಬಿಡಬೇಕೇ?" ಎಂದು ಕೇಳಿದರು.

ಪೂರ್ತಿ ಓದಿದೆ. ಹದಿನೈದು ದಿನಗಳೊಳಗೆ ಬಾಕಿ ಕಂತು ಕಟ್ಟಿ, ತಪ್ಪಿದರೆ ಮುಂದಿನ ಕ್ರಮ ಎಂದಷ್ಟೇ ಇತ್ತು. ಹಾಗಾದರೆ ಅದು ಯಾವ ಅರ್ಥದಲ್ಲಿ ಫೈನಲ್? ಅದರಾಚೆಗೂ 'ಮುಂದಿನ ಕ್ರಮ' ಇದೆಯಲ್ಲ. ಇಂಗ್ಲಿಷಿನಲ್ಲಿ ಆ ಪದ ನಿಜವಾಗಿ ಏನನ್ನು ಹೇಳುತ್ತದೆ, ಅದನ್ನು 'ಅಂತಿಮ' ಎಂದು ಕನ್ನಡಕ್ಕೆ ತಂದದ್ದು ಸರಿಯೇ, ತಿಳಿದವರು ದಯವಿಟ್ಟು ಹೇಳಿ.

ಸೋಮವಾರಪೇಟೆಯ ಶಿಕ್ಷಕಿ

ನಿಮ್ಮ ತಾಯಿಯವರ ಗಾಬರಿ ನನಗೆ ಅರ್ಥವಾಗುತ್ತದೆ. ಪ್ರೌಢಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸುತ್ತ ಬಂದವಳು ನಾನು. ಈ ಪದವನ್ನು ಮಕ್ಕಳಿಗೆ ಹೇಳಿಕೊಡುವಾಗ ನಾನು ಹಿಡಿಯುವ ದಾರಿ ಹೀಗಿದೆ.

ಇಂಗ್ಲಿಷಿನಲ್ಲಿ 'ಲಾಸ್ಟ್' ಮತ್ತು 'ಫೈನಲ್' ಎರಡನ್ನೂ ನಾವು 'ಕೊನೆಯ' ಎನ್ನುತ್ತೇವೆ. ಆದರೆ ಪದವಿ ಓದುವ ಹುಡುಗಿ 'ಲಾಸ್ಟ್ ಇಯರ್' ಎಂದರೆ ಹೋದ ವರ್ಷ, 'ಫೈನಲ್ ಇಯರ್' ಎಂದರೆ ಪದವಿ ಮುಗಿಯುವ ವರ್ಷ. ಮೊದಲನೆಯದು ಬರೀ ಸಾಲಿನಲ್ಲಿ ಹಿಂದೆ ಸರಿದು ಹೋದದ್ದನ್ನು ತೋರಿಸುತ್ತದೆ, ಅದರ ನಂತರ ಇನ್ನೊಂದು ಬಂದಿರಬಹುದು. ಎರಡನೆಯದು ಒಂದು ಗೊತ್ತಾದ ಕ್ರಮದ ಮುಕ್ತಾಯ. ಗೆಳತಿಯ 'ಲಾಸ್ಟ್ ಲೆಟರ್' ಎಂದರೆ ಇತ್ತೀಚೆಗೆ ಬಂದ ಪತ್ರ ಎಂದೂ ಆಗಬಹುದು. 'ಫೈನಲ್ ಲೆಟರ್' ಎಂದರೆ ಇನ್ನು ಅವಳು ಬರೆಯುವುದಿಲ್ಲ.

ನಮ್ಮ ಜಿಲ್ಲೆಯ ಇತಿಹಾಸದಿಂದಲೇ ಎರಡು ಉದಾಹರಣೆ ಕೊಡುತ್ತೇನೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡರು. ಇಂಗ್ಲಿಷಿನಲ್ಲಿ ಬರೆಯುವವರು ಅವನನ್ನು 'ಲಾಸ್ಟ್' ಅರಸ ಎನ್ನುತ್ತಾರೆ, 'ಫೈನಲ್' ಅರಸ ಎನ್ನುವುದಿಲ್ಲ. ಏಕೆಂದರೆ ಆ ವಂಶ ಇಂಥವನಲ್ಲಿಗೆ ಮುಗಿಯಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ, ಅದು ಅಲ್ಲಿಗೆ ನಿಂತುಹೋಯಿತು. ಸಿ.ಎಂ. ಪೂಣಚ್ಚ ಅವರ ವಿಷಯವೂ ಹಾಗೆಯೇ. 1956ರ ನವೆಂಬರ್ 1ರಂದು ಕೊಡಗು ರಾಜ್ಯ ಮೈಸೂರು ರಾಜ್ಯದಲ್ಲಿ ಸೇರಿದಾಗ ಅವರು ಕೊಡಗಿನ ಮೊದಲ ಮತ್ತು ಕೊನೆಯ ಮುಖ್ಯಮಂತ್ರಿಯಾದರು. ಇಲ್ಲಿಯೂ 'ಫೈನಲ್' ಹೊಂದುವುದಿಲ್ಲ.

ಅಂದರೆ ಫೈನಲ್ ಎನ್ನಬೇಕಾದರೆ ಹಿಂದೆ ಒಂದು ಹಂತಹಂತದ ನಡೆ ಇರಬೇಕು, ಅದಕ್ಕೊಂದು ಮುಗಿತಾಯ ಗೊತ್ತಾಗಿರಬೇಕು, ಅದರ ನಂತರ ಬಾಗಿಲು ಮುಚ್ಚಬೇಕು. ನಿಮ್ಮ ನೋಟಿಸಿನಲ್ಲಿ ಫೈನಲ್ ಆಗಿರುವುದು ನೋಟಿಸುಗಳ ಸಾಲು. ಇನ್ನು ಎಚ್ಚರಿಕೆಯ ಕಾಗದ ಬರುವುದಿಲ್ಲ ಎಂಬುದು ಅದರ ಮಾತು. ಸಾಲದ ವ್ಯವಹಾರ ಮುಗಿಯಿತು ಎಂದಾಗಲಿ, ಮನೆ ಹೋಯಿತು ಎಂದಾಗಲಿ ಅಲ್ಲ. ಇಂಗ್ಲಿಷಿನವರು ವಿಶೇಷಣವನ್ನು ಅದರ ಮುಂದಿರುವ ನಾಮಪದಕ್ಕೆ ಬಿಗಿಯಾಗಿ ಕಟ್ಟಿ ಓದುತ್ತಾರೆ. 'ಅಂತಿಮ' ಎಂದ ಕೂಡಲೇ ನಮ್ಮ ಜನ ಇಡೀ ಬದುಕಿಗೆ ಕಟ್ಟಿ ಓದುತ್ತಾರೆ. ಪದವನ್ನು ಅಷ್ಟು ಕಾಲ ಸಾವಿನ ಮನೆಗೇ ಮೀಸಲಿಟ್ಟಿದ್ದರ ಫಲ ಇದು.

ನಾಪೋಕ್ಲು ಗೋಲ್‌ಕೀಪರ್

ಕೊಡಗಿನಲ್ಲಿ ಫೈನಲ್ ಎಂದ ಮೇಲೆ ಹಾಕಿ ಬಾರದೆ ಹೋದರೆ ಹೇಗೆ?

ಶಿಕ್ಷಕಿಯವರು ಹೇಳಿದ ವ್ಯತ್ಯಾಸ ನಮ್ಮ ಮೈದಾನದಲ್ಲಿ ಕಣ್ಣಿಗೆ ಕಾಣುತ್ತದೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ ಶುರುವಾದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಮ್ಮ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದ ಹಬ್ಬಕ್ಕೆ 360 ತಂಡಗಳು ಬಂದವು, ಗಿನ್ನೆಸ್ ದಾಖಲೆಯೂ ಆಯಿತು. ಪಂದ್ಯಗಳು ನಾಕ್‌ಔಟ್ ಕ್ರಮದವು. ಪ್ರತಿ ತಂಡಕ್ಕೂ ಆ ವರ್ಷ ಒಂದು ಕೊನೆಯ ಪಂದ್ಯ ಇದ್ದೇ ಇರುತ್ತದೆ. ಆದರೆ 360ರಲ್ಲಿ 358 ತಂಡಗಳಿಗೆ ಆ ಕೊನೆಯ ಪಂದ್ಯ ಫೈನಲ್ ಅಲ್ಲ. ನಮ್ಮ ಕುಟುಂಬದ ತಂಡದ ಕೊನೆಯ ಪಂದ್ಯ ಎಷ್ಟೋ ವರ್ಷ ಮೊದಲ ಪಂದ್ಯವೇ ಆಗಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ನಿಗದಿತ ಹೊತ್ತು ಮುಗಿದು ಹೂಟರ್ ಕೂಗಿದರೂ ಅಷ್ಟರಲ್ಲಿ ಪೆನಾಲ್ಟಿ ಕಾರ್ನರ್ ಸಿಕ್ಕಿದ್ದರೆ ಅದನ್ನು ಆಡಿ ಮುಗಿಸುವ ತನಕ ಆಟ ನಿಲ್ಲುವುದಿಲ್ಲ. ಗೋಲಿನಲ್ಲಿ ನಿಂತವನಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಗಡಿಯಾರದ ಕೊನೆ ಬೇರೆ, ಆಟದ ಕೊನೆ ಬೇರೆ. 1973ರ ವಿಶ್ವಕಪ್ಪಿನಲ್ಲಿ ನಮ್ಮ ಎಂ.ಪಿ. ಗಣೇಶ್ ಅವರ ನಾಯಕತ್ವದ ಭಾರತ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಜೊತೆ 2–2 ಸಮ ಮಾಡಿಕೊಂಡಿತ್ತು. ಆಟದ ಹೊತ್ತು ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಸೋತೆವು. ಎರಡು ವರ್ಷದ ನಂತರ 1975ರಲ್ಲಿ ಪಾಕಿಸ್ತಾನದ ಮೇಲೆ 2–1ರಿಂದ ಗೆದ್ದ ತಂಡದಲ್ಲಿ ನಮ್ಮ ಬಿ.ಪಿ. ಗೋವಿಂದ ಇದ್ದರು. ಸೋತ ಫೈನಲ್ ಆ ಕಪ್ಪಿನ ಮಟ್ಟಿಗೆ ಮಾತ್ರ ಫೈನಲ್ ಆಗಿತ್ತು.

ನನ್ನದೂ ಒಂದು ಪ್ರಶ್ನೆ. 'ಫೈನಲ್' ಸರಿಯೋ 'ಫೈನಲ್ಸ್' ಸರಿಯೋ? ಬ್ಯಾನರ್ ಬರೆಸುವಾಗ ಪ್ರತಿ ಸಲವೂ ಜಗಳ.

ಸೋಮವಾರಪೇಟೆಯ ಶಿಕ್ಷಕಿ

ಒಂದೇ ಪಂದ್ಯವಾದರೆ 'ಫೈನಲ್'. ಅಮೆರಿಕದ ಬ್ಯಾಸ್ಕೆಟ್‌ಬಾಲಿನಂತೆ ಹಲವು ಪಂದ್ಯಗಳ ಸರಣಿ ಆಡಿ ಚಾಂಪಿಯನ್ನರನ್ನು ತೀರ್ಮಾನಿಸುವುದಾದರೆ 'ಫೈನಲ್ಸ್'. ಕನ್ನಡದಲ್ಲಿ ಅದನ್ನು ನಾಮಪದವಾಗಿಯೇ ತೆಗೆದುಕೊಂಡಿದ್ದೇವೆ, 'ಫೈನಲ್ ಪಂದ್ಯ' ಎಂದು ಬರೆಸಿದರೆ ಜಗಳಕ್ಕೆ ಎಡೆ ಇರುವುದಿಲ್ಲ.

ಸಿದ್ದಾಪುರದ ಬೆಳೆಗಾರ

ಈ ಪದದ ಜೊತೆ ನನ್ನ ಸಂಬಂಧ ಬಹಳ ಹಳೆಯದು. ಅದು ನಮ್ಮ ತಂದೆಯ ಕಾಲದ ಪೂಲ್ ವ್ಯವಸ್ಥೆಯಿಂದ ಬಂದದ್ದು.

ಇಂದಿನ ಯುವಕರಿಗೆ ಗೊತ್ತಿರಲಾರದು. ಆಗ ಬೆಳೆದ ಕಾಫಿಯನ್ನು ನಮಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಎಲ್ಲರ ಕಾಫಿಯೂ ಕಾಫಿ ಮಂಡಳಿಯ ಪೂಲ್‌ಗೆ ಸೇರಬೇಕಾಗಿತ್ತು. ಗುಣಮಟ್ಟಕ್ಕೆ ತಕ್ಕಂತೆ ಪಾಯಿಂಟ್ ಲೆಕ್ಕ, ಪಾಯಿಂಟಿಗೆ ಇಷ್ಟು ಎಂದು ಹಣ. ಅದೂ ಒಮ್ಮೆಗೆ ಅಲ್ಲ. ಮೊದಲು ಒಂದು ಪಾವತಿ, ಆಮೇಲೆ ಮಾರಾಟವಾದ ಹಾಗೆಲ್ಲ ಒಂದೊಂದು ಕಂತು, ಎಲ್ಲ ಮಾರಿ ಲೆಕ್ಕ ಮುಚ್ಚಿದ ಮೇಲೆ 'ಫೈನಲ್ ಪೇಮೆಂಟ್'. ಈ ವರ್ಷದ ಬೆಳೆ ಗಿಡದಲ್ಲಿ ಹಣ್ಣಾಗುತ್ತಿರುವಾಗ ಹಿಂದಿನ ಬೆಳೆಯ ಫೈನಲ್ ಇನ್ನೂ ಬಂದಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಕ್ಕನ ಮದುವೆ, ಮಾಡಿನ ಹಂಚು, ನನ್ನ ಹಾಸ್ಟೆಲ್ ಶುಲ್ಕ ಎಲ್ಲವೂ 'ಫೈನಲ್ ಬಂದ ಮೇಲೆ'. ನಾನು ಚಿಕ್ಕವನಿದ್ದಾಗ ಫೈನಲ್ ಎಂದರೆ ಹಬ್ಬದ ಹೆಸರು ಎಂದೇ ತಿಳಿದಿದ್ದೆ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟ ಬಂದ ಮೇಲೆ ಆ ಮಾತು ಮನೆಯಿಂದ ಮರೆಯಾಯಿತು.

ಮಂಜು ಅವರೇ, ನಿಮ್ಮ ತಾಯಿಗೆ ಭಯ ತಂದ ಅದೇ ಪದ ನಮ್ಮ ತಾಯಿಗೆ ನೆಮ್ಮದಿ ತರುತ್ತಿತ್ತು. ಒಂದು ಕಡೆ ಕೊಡಬೇಕಾದವರು ನಾವು, ಇನ್ನೊಂದು ಕಡೆ ಪಡೆಯಬೇಕಾದವರು ನಾವು.

ಸಂತೆಯ ಬಳಕೆಯನ್ನೂ ಹೇಳಿಬಿಡುತ್ತೇನೆ. ಶುಕ್ರವಾರ ಮಡಿಕೇರಿ ಸಂತೆಯಲ್ಲಿ "ಫೈನಲ್ ಎಷ್ಟು?" ಎಂದು ಕೇಳಿದರೆ ಚೌಕಾಶಿ ಅಲ್ಲಿಂದಲೇ ಶುರು. ಕಾಫಿ ಕೊಳ್ಳಲು ಬಂದವರು ತೇವಾಂಶ ನೋಡಿ, ಔಟ್‌ಟರ್ನ್ (ಒಣಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ನೋಡಿ "ಇದು ಫೈನಲ್ ರೇಟ್" ಎಂದ ಮೇಲೂ ಚೀಲ ಎತ್ತುವ ಮುನ್ನ ಐದು ಹತ್ತು ಏರುತ್ತದೆ. ಹಾಗೆಂದು ಅದು ಸುಳ್ಳಲ್ಲ. 'ನಾನು ಇನ್ನು ಹೆಚ್ಚು ಏರಲಾರೆ, ನೀನೂ ಹತ್ತಿರ ಬಾ' ಎಂಬುದನ್ನು ಎರಡೂ ಕಡೆಯವರು ಅದರಿಂದ ತಿಳಿಯುತ್ತಾರೆ.

ವಿರಾಜಪೇಟೆಯ ನಿವೃತ್ತ ವಕೀಲ

ಮೊದಲು ಮಂಜು ಅವರಿಗೆ ಕೆಲಸಕ್ಕೆ ಬರುವ ಮಾತು. ಕಾಗದದ ಮೇಲೆ 'ಫೈನಲ್' ಎಂದು ಅಚ್ಚು ಹಾಕಿದ ಮಾತ್ರಕ್ಕೆ ಕಾನೂನಿನಲ್ಲಿ ಹೊಸ ಹಂತವೇನೂ ಹುಟ್ಟುವುದಿಲ್ಲ. ಯಾವ ಕಾಯ್ದೆಯ ಯಾವ ಕಲಂ ಎಂದು ಬರೆದಿದೆಯೇ, ಎಷ್ಟು ದಿನದ ಗಡುವು, ತಾರೀಖು ಯಾವುದು, ಇವನ್ನು ನೋಡಿ. ಉದಾಹರಣೆಗೆ ಸಾಲ ವಸೂಲಿಗೆ ಸಂಬಂಧಿಸಿದ 2002ರ ಸರ್ಫೇಸಿ ಕಾಯ್ದೆಯಲ್ಲಿ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯುವ ಮುಂಚೆ 13(2)ನೆಯ ಕಲಮಿನ ಪ್ರಕಾರ 60 ದಿನಗಳ ನೋಟಿಸ್ ಕೊಡಬೇಕು. ತೂಕ ಇರುವುದು ಆ ಕಲಮಿಗೆ ಮತ್ತು ದಿನಗಳಿಗೆ. ನೀವು ಹೇಳಿದ ಹದಿನೈದು ದಿನದ ಕಾಗದ ಬಾಕಿ ಕಂತಿನ ನೆನಪೋಲೆಯಂತೆ ಕಾಣುತ್ತದೆ. ಹಾಗೆಂದು ಕಡೆಗಣಿಸಬೇಡಿ, ಬೇಗ ಕಟ್ಟಿಬಿಡಿ.

ಇನ್ನು ಪದದ ವಿಷಯ. ನ್ಯಾಯಾಲಯದಲ್ಲಿ ನಾಲ್ಕು ದಶಕ ಈ ಪದದ ಜೊತೆ ಬಾಳಿದ್ದೇನೆ. ಪಾಲಿನ ದಾವೆಗಳಲ್ಲಿ ಎರಡು ಡಿಕ್ರಿ ಇರುತ್ತವೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಪ್ರಾಥಮಿಕ ಡಿಕ್ರಿ. ನ್ಯಾಯಾಲಯ ನೇಮಿಸಿದ ಕಮಿಷನರು ಸ್ಥಳಕ್ಕೆ ಹೋಗಿ ಅಳೆದು, ಈ ಕಣಿವೆಯ ಗದ್ದೆ ಇವರಿಗೆ, ಆ ಮೇಲಿನ ತೋಟ ಅವರಿಗೆ ಎಂದು ಗೆರೆ ಎಳೆದ ಮೇಲೆ ಆಗುವುದು ಅಂತಿಮ ಡಿಕ್ರಿ. ಮೊದಲನೆಯದು ಕೈಗೆ ಬಂದ ದಿನವೇ ಕಕ್ಷಿದಾರರು ಗೆದ್ದೆವು ಎಂದು ಊರಿಗೆಲ್ಲ ಸಿಹಿ ಹಂಚುತ್ತಾರೆ. ಎರಡರ ನಡುವೆ ಇಪ್ಪತ್ತು ವರ್ಷ ಕಳೆದದ್ದನ್ನು ನಾನು ಕಂಡಿದ್ದೇನೆ. ದಾವೆ ಹಾಕಿದವರು ಅಷ್ಟರಲ್ಲಿ ಉಳಿದಿರಲಿಲ್ಲ, ಅವರ ಮಕ್ಕಳು ಬಂದು ಸಹಿ ಹಾಕಿದರು.

ತಲಕಾವೇರಿಯಲ್ಲಿ ಹುಟ್ಟುವ ನಮ್ಮ ಹೊಳೆಯ ಕಥೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರ ಜೂನ್‌ನಲ್ಲಿ. ಮರುವರ್ಷ ಮಧ್ಯಂತರ ಆದೇಶ ಬಂತು: ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ. ಅಂತಿಮ ತೀರ್ಪು 2007ರ ಫೆಬ್ರುವರಿ 5ರಂದು. ಅದು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದದ್ದು 2013ರಲ್ಲಿ. ಅಂತರರಾಜ್ಯ ಜಲವಿವಾದ ಕಾಯ್ದೆ ಮಂಡಳಿಯ ತೀರ್ಪನ್ನು 'ಅಂತಿಮ' ಎಂದೇ ಕರೆಯುತ್ತದೆ. ಆದರೂ ಸುಪ್ರೀಂ ಕೋರ್ಟ್ ಮೇಲ್ಮನವಿಗಳನ್ನು ಆಲಿಸಿತು. 2018ರ ಫೆಬ್ರುವರಿ 16ರಂದು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು, ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 192ರಿಂದ 177.25ಕ್ಕೆ ಇಳಿಸಿತು. ಹಾಗಾದರೆ 2007ರದ್ದು ಅಂತಿಮವಲ್ಲವೇ? ಮಂಡಳಿಯ ಮಟ್ಟಿಗೆ ಅಂತಿಮ. ಅದು ತನ್ನ ಕೈಯಲ್ಲಿದ್ದದ್ದನ್ನು ಪೂರ್ತಿ ಹೇಳಿ ಮುಗಿಸಿತ್ತು.

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ 1953ರ ಒಂದು ತೀರ್ಪಿನಲ್ಲಿ ಬರೆದದ್ದು ನನಗೆ ಬಾಯಿಪಾಠ. ನಾವು ಎಂದೂ ತಪ್ಪದವರು ಎಂಬ ಕಾರಣಕ್ಕೆ ನಮ್ಮ ಮಾತು ಅಂತಿಮವಲ್ಲ, ನಮ್ಮ ಮಾತು ಅಂತಿಮ ಎಂಬ ಕಾರಣಕ್ಕಷ್ಟೇ ನಾವು ತಪ್ಪದವರು ಎಂಬುದು ಅದರ ತಾತ್ಪರ್ಯ. ಫೈನಲ್ ಎಂಬುದರೊಳಗೆ ಸರಿ ಎಂಬ ಅರ್ಥ ಇಲ್ಲ. ಮೇಲೆ ಹೋಗಲು ಇನ್ನು ಮೆಟ್ಟಿಲಿಲ್ಲ ಎಂಬ ಅರ್ಥ ಇದೆ. ನಮ್ಮ ದೇಶದಲ್ಲಂತೂ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೂ ಪುನರ್ವಿಮರ್ಶೆ ಅರ್ಜಿ ಉಂಟು, ಅದೂ ತಳ್ಳಿಹೋದರೆ 2002ರಿಂದ ಪರಿಹಾರಾತ್ಮಕ ಅರ್ಜಿಯೂ (ಕ್ಯುರೇಟಿವ್ ಪಿಟಿಷನ್) ಉಂಟು.

ಹಳೆಯ ರೆವಿನ್ಯೂ ಕಡತಗಳಲ್ಲಿ ಇದಕ್ಕೆ ಎರಡು ಚೆಂದದ ಮಾತುಗಳಿದ್ದವು: ಅಖೈರು ಮತ್ತು ಫೈಸಲು. "ಲೆಕ್ಕ ಅಖೈರಾಯಿತು", "ತಕರಾರು ಫೈಸಲಾಯಿತು". ಎರಡೂ ಅರಬ್ಬಿಯಿಂದ ಬಂದವು. ನನ್ನ ಹಿರಿಯ ಕಕ್ಷಿದಾರರೊಬ್ಬರು ಫೈಸಲ್ ಎಂಬುದನ್ನೇ ಇಂಗ್ಲಿಷಿನಲ್ಲಿ ಫೈನಲ್ ಎನ್ನುತ್ತಾರೆ ಎಂದು ನಂಬಿದ್ದರು. ಮೂಲ ಬೇರೆಯಾದರೂ ಅವರು ಅರ್ಥದಲ್ಲಿ ದಾರಿ ತಪ್ಪಿರಲಿಲ್ಲ.

ಕುಶಾಲನಗರದ ತಂತ್ರಾಂಶಿ

ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಜಾವಾ ಭಾಷೆಯಲ್ಲಿ 'ಫೈನಲ್' ಒಂದು ಮೀಸಲು ಪದ. ವಕೀಲರು ಹೇಳಿದ್ದಕ್ಕೆ ಅದು ಹತ್ತಿರದಲ್ಲಿದೆ. ಒಂದು ಹೆಸರಿಗೆ ಫೈನಲ್ ಎಂದು ಹಾಕಿದರೆ ಆ ಹೆಸರನ್ನು ಮುಂದೆ ಬೇರೊಂದು ವಸ್ತುವಿಗೆ ಅಂಟಿಸಲಾಗದು. ಆದರೆ ಆ ವಸ್ತುವಿನ ಒಳಗಿರುವುದು ಬದಲಾಗಬಹುದು. ಕೊಡವ ಮನೆತನವಾದ ಒಕ್ಕದ ಹೆಸರು ಅದೇ ಉಳಿದು ಅದರ ಮೂಲಮನೆಯಾದ ಐನ್‌ಮನೆಯ ಒಳಗೆ ತಲೆಮಾರುಗಳು ಬದಲಾದ ಹಾಗೆ. ಒಂದು ವರ್ಗಕ್ಕೆ (ಕ್ಲಾಸ್, ವಸ್ತುಗಳನ್ನು ಮಾಡುವ ಅಚ್ಚು) ಫೈನಲ್ ಎಂದು ಹಾಕಿದರೆ ಅದಕ್ಕೆ ಮರಿ ವರ್ಗಗಳು ಹುಟ್ಟುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಫೈನಲ್ ಎಂದರೆ 'ಏನೂ ಬದಲಾಗದು' ಎಂದು ತಿಳಿದು ಎರಡು ದಿನ ಒಂದೇ ದೋಷವನ್ನು ಹುಡುಕಿದ್ದೇನೆ.

ಗಾಳಿಬೀಡಿನವಳು

ಎಲ್ಲವನ್ನೂ ಓದಿದೆ. ನನಗೆ ವ್ಯಾಕರಣ ಗೊತ್ತಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಮ್ಮ ಮನೆ ಹೋಯಿತು. ಅದರ ನಂತರ ನಾನು ಕಲಿತ ಪದಗಳು ಕರಡು ಪಟ್ಟಿ, ಪರಿಷ್ಕೃತ ಪಟ್ಟಿ, ಅಂತಿಮ ಪಟ್ಟಿ. ಒಂದು ಕಚೇರಿಯ ಗೋಡೆಯ ಮೇಲೆ ಅಂತಿಮ ಪಟ್ಟಿ ಅಂಟಿಸಿದ ದಿನ ಅದರಲ್ಲಿ ನಮ್ಮ ಹೆಸರಿರಲಿಲ್ಲ. ಅಂತಿಮ ಎಂದ ಮೇಲೆ ಮುಗಿಯಿತು ಎಂದುಕೊಂಡು ನನ್ನ ಗಂಡ ಒಂದು ಅರ್ಜಿಯನ್ನೂ ಕೊಡದೆ ಹಿಂದಿರುಗಿದರು. ಪಕ್ಕದ ಮನೆಯವರು ಅರ್ಜಿ ಕೊಟ್ಟರು, ಮುಂದಿನ ಪಟ್ಟಿಯಲ್ಲಿ ಅವರ ಹೆಸರು ಬಂತು. ಅದೂ 'ಅಂತಿಮ ಪಟ್ಟಿ'ಯೇ. ಪಟ್ಟಿಯ ಕೆಳಗೆ 'ಆಕ್ಷೇಪಣೆ ಇದ್ದರೆ ಇಂಥ ದಿನದೊಳಗೆ ಇಲ್ಲಿಗೆ ಕೊಡಿ' ಎಂಬ ಒಂದು ಸಾಲು ಇದ್ದಿದ್ದರೆ ನಮಗೆ ಎರಡು ವರ್ಷ ಉಳಿಯುತ್ತಿತ್ತು.

ವಿರಾಜಪೇಟೆಯ ನಿವೃತ್ತ ವಕೀಲ

ತಂಗಿ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಮತದಾರರ ಪಟ್ಟಿಯಲ್ಲಿಯೂ ಹೀಗೆಯೇ. 'ಅಂತಿಮ ಪಟ್ಟಿ' ಪ್ರಕಟವಾದ ಮೇಲೂ ಹೆಸರು ಸೇರಿಸಲು ಅರ್ಜಿ ಕೊಡಬಹುದು. ಆದರೆ ಆ ಪದವನ್ನು ಕಂಡು ಎಷ್ಟೋ ಜನ ಕೊಡುವುದಿಲ್ಲ. ಯಾರ ಮಟ್ಟಿಗೆ, ಯಾವ ದಿನದವರೆಗೆ ಅಂತಿಮ ಎಂದು ಬರೆಯದ ಕಾಗದ ಬಡವರ ಕೈ ಕಟ್ಟುತ್ತದೆ.

ಭಾಗಮಂಡಲದ ಓದುಗ

ಒಂದು ಭಿನ್ನ ಅಭಿಪ್ರಾಯ. 'ಅಂತಿಮ' ಎಂಬ ಪದವನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಅದು ಗೌರವದ ಪದ. ಸಾವಿನ ಮನೆಯ ಬಳಕೆ ಇದೆ ಎಂದು ಬಿಟ್ಟರೆ 'ಕೊನೆ'ಯನ್ನೂ ಬಿಡಬೇಕು, ಕೊನೆಯುಸಿರು ಎನ್ನುವುದಿಲ್ಲವೇ? ತಪ್ಪು ಪದದ್ದಲ್ಲ, ಅದನ್ನು ಕೈಗೆ ಸಿಕ್ಕಲ್ಲೆಲ್ಲ ಒತ್ತುವವರದ್ದು.

ನಾವು ಒಂದು ಅಂತಿಮ ಅಧಿಸೂಚನೆಗೆ ಕಾದು ಕುಳಿತ ಜನ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು ಬಂದದ್ದು 2014ರಲ್ಲಿ, ಆರನೆಯ ಕರಡು 2024ರ ಜುಲೈ ಕೊನೆಯಲ್ಲಿ. ಪ್ರತಿ ಸಲವೂ ಆಕ್ಷೇಪಣೆ ಬರೆದಿದ್ದೇವೆ, ಸಭೆ ಸೇರಿದ್ದೇವೆ. ನಮ್ಮ ಊರಿನಲ್ಲಿ ಕಾಡು ಉಳಿಯಬೇಕು ಎನ್ನುವವರೂ ತೋಟ ಉಳಿಯಬೇಕು ಎನ್ನುವವರೂ ಒಂದೇ ಜಗಲಿಯಲ್ಲಿ ಕುಳಿತು 'ಯಾವುದಾದರೂ ಒಂದು ಅಂತಿಮವಾಗಲಿ' ಎನ್ನುತ್ತಾರೆ. ಅಲ್ಲಿ 'ಫೈನಲ್ ಆಗಲಿ' ಎಂದರೆ ಆ ತೂಕ ಬರುವುದಿಲ್ಲ.

ತೀರು, ತೀರ್ಪು, ತೀರ ಎಲ್ಲವೂ ಒಂದೇ ಬೇರಿನವು ಎಂದು ನನ್ನ ಊಹೆ. ತೀರ ಎಂದರೆ ದಡ, ನೀರು ಮುಗಿಯುವ ಜಾಗ. ಸರಿಯೇ?

ಸೋಮವಾರಪೇಟೆಯ ಶಿಕ್ಷಕಿ

ಊಹೆ ಸುಂದರವಾಗಿದೆ, ಆದರೆ ಸರಿಯಲ್ಲ. ದಡ ಎಂಬ ಅರ್ಥದ 'ತೀರ' ಸಂಸ್ಕೃತದ್ದು. 'ತೀರು' ನಮ್ಮ ದ್ರಾವಿಡದ್ದು, ತಮಿಳು, ಮಲಯಾಳಂ, ತೆಲುಗುಗಳಲ್ಲಿಯೂ ಇದೆ. ಆದರೆ ನಿಮ್ಮ ಪ್ರಶ್ನೆಯಿಂದ ನಾನು ನಿನ್ನೆ ರಾತ್ರಿ ನಿಘಂಟುಗಳನ್ನು ಹರಡಿಕೊಂಡು ಕುಳಿತೆ. ಸಿಕ್ಕಿದ್ದನ್ನು ಹಂಚಿಕೊಳ್ಳದೆ ಇರಲಾರೆ.

ಇಂಗ್ಲಿಷಿನ 'ಫೈನಲ್' ಬಂದದ್ದು ಲ್ಯಾಟಿನ್ನಿನ 'ಫಿನಿಸ್' ಎಂಬ ಪದದಿಂದ, ಹಳೆಯ ಫ್ರೆಂಚಿನ ಮೂಲಕ. ಫಿನಿಸ್ ಎಂದರೆ ಮುಕ್ತಾಯ ಮಾತ್ರವಲ್ಲ, ಗಡಿ, ಎಲ್ಲೆ. ಒಬ್ಬನ ಹೊಲ ಮುಗಿದು ಇನ್ನೊಬ್ಬನ ಹೊಲ ಶುರುವಾಗುವ ಗೆರೆ. ಅದರ ಬಹುವಚನಕ್ಕೆ ಒಂದು ಸೀಮೆಯ ನೆಲ ಎಂಬ ಅರ್ಥವೂ ಇತ್ತು. ಸಂಸ್ಕೃತದ 'ಅಂತ' ಎಂಬುದಕ್ಕೂ ಮುಕ್ತಾಯ ಮತ್ತು ಅಂಚು ಎರಡೂ ಅರ್ಥ. ಇಂಗ್ಲಿಷಿನ 'ಎಂಡ್' ಎಂಬ ಪದ ಈ 'ಅಂತ'ದ ದೂರದ ನೆಂಟ, ಫೈನಲ್ ಅಲ್ಲ. ನಮ್ಮ ಅಚ್ಚಕನ್ನಡದ 'ಕಡೆ'ಯನ್ನು ನೋಡಿ: ಕಡೆ ಎಂದರೆ ಪಕ್ಕವೂ ಹೌದು, ಕೊನೆಯೂ ಹೌದು. ಮೂರು ಭಾಷೆಗಳು ಒಂದನ್ನೊಂದು ಕೇಳದೆಯೇ ನೆಲದ ಅಂಚನ್ನು ಕಾಲದ ಕೊನೆಗೆ ಹೊಂದಿಸಿವೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಿನಲ್ಲಿ ನಡೆಯುವಾಗ ಸಿಗುವ ಹಳೆಯ ಕಡಂಗ, ಅಂದರೆ ರಕ್ಷಣೆಗೆ ತೋಡಿದ ಉದ್ದದ ಅಗಳು, ಒಂದು ಕಾಲದ ಕಾವಲು, ಅದೇ ಒಂದು ನಾಡಿನ ಎಲ್ಲೆ. ಅಲ್ಲಿಗೆ ನಮ್ಮದು ಮುಗಿಯಿತು, ಆಚೆ ಇನ್ನೊಬ್ಬರದು ಇದೆ.

ಅದೇ ಫಿನಿಸ್ ಇನ್ನೊಂದು ಕಡೆಗೂ ಕವಲೊಡೆಯಿತು. ಹಳೆಯ ಫ್ರೆಂಚಿನಲ್ಲಿ ಸಾಲವನ್ನು ಮುಗಿಸುವುದು, ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡುವುದು ಎಂಬ ಅರ್ಥಕ್ಕೆ ಅದು ಸಾಗಿ ಅಲ್ಲಿಂದ 'ಫೈನಾನ್ಸ್' ಹುಟ್ಟಿತು. ವ್ಯಾಜ್ಯವನ್ನು ಮುಗಿಸಲು ಕೊಡುವ ಹಣ 'ಫೈನ್', ನಾವು ದಂಡ ಎನ್ನುವುದು. ಮಂಜು ಅವರೇ, ನಿಮ್ಮ ಮನೆಗೆ ಫೈನಾನ್ಸಿನಿಂದ ಫೈನಲ್ ನೋಟಿಸ್ ಬಂತು, ತಡವಾದದ್ದಕ್ಕೆ ಬಹುಶಃ ಫೈನ್ ಕೂಡ ಸೇರಿಸಿದ್ದಾರೆ. ಮೂರೂ ಒಂದೇ ಒಕ್ಕದ ಪದಗಳು.

ನಮ್ಮ 'ತೀರು' ಹೆಚ್ಚುಕಡಿಮೆ ಇದೇ ದಾರಿ ನಡೆದಿದೆ. ಅಕ್ಕಿ ತೀರಿತು ಎಂದರೆ ಮುಗಿಯಿತು. ಸಾಲ ತೀರಿಸಿದೆ ಎಂದರೆ ಹಣ ಕೊಟ್ಟು ಮುಗಿಸಿದೆ. ನ್ಯಾಯಾಧೀಶರು ಕೊಡುವುದು ತೀರ್ಪು, ಮನಸ್ಸಿನಲ್ಲಿ ಗಟ್ಟಿಯಾಗುವುದು ತೀರ್ಮಾನ. ಮನುಷ್ಯರು ಹೋದರೆ ತೀರಿಕೊಂಡರು ಎನ್ನುತ್ತೇವೆ. ಮುಗಿತಾಯ, ಪಾವತಿ, ನಿರ್ಣಯ, ಸಾವು ನಾಲ್ಕನ್ನೂ ಒಂದು ಬೇರು ಹೊತ್ತಿದೆ. ಇಷ್ಟು ಸಮರ್ಥವಾದ ಪದ ಮನೆಯಲ್ಲಿರುವಾಗ ಕಚೇರಿಯ ಕಾಗದಗಳೆಲ್ಲ 'ಅಂತಿಮ' ಒಂದನ್ನೇ ಹಿಡಿದದ್ದು ನನಗೆ ನೋವಿನ ಸಂಗತಿ. ಭಾಗಮಂಡಲದವರ ಮಾತನ್ನು ಒಪ್ಪುತ್ತೇನೆ, ಪದದ ತಪ್ಪಿಲ್ಲ. ಅಧಿಸೂಚನೆಗೆ 'ಅಂತಿಮ' ಇರಲಿ. ಟೆಂಡರಿಗೆ 'ಅಖೈರು' ಇರಲಿ, ಪತ್ರಿಕೆಗಳು ಈಗಲೂ ಬಳಸುತ್ತವೆ. ಜಗಳಕ್ಕೆ 'ಇತ್ಯರ್ಥ' ಇರಲಿ. ಕಂತಿನ ವಿಷಯಕ್ಕೆ 'ಕಡೆಯ ಕಂತು' ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಫೈನಲ್ ಎಂಬುದಕ್ಕೆ ಗುರಿ ಎಂಬ ಅರ್ಥವೂ ತತ್ವಶಾಸ್ತ್ರದಲ್ಲಿದೆ. ಅರಿಸ್ಟಾಟಲನ ನಾಲ್ಕು ಕಾರಣಗಳಲ್ಲಿ ನಾಲ್ಕನೆಯದನ್ನು ಲ್ಯಾಟಿನ್ ಪಂಡಿತರು 'ಫೈನಲ್' ಕಾರಣ ಎಂದರು. ಯಾವುದಕ್ಕಾಗಿ ಒಂದು ವಸ್ತು ಇದೆಯೋ ಅದು. ಏಲಕ್ಕಿ ಒಣಗಿಸುವ ಗೂಡಿಗೆ ಒಣಗಿದ ಏಲಕ್ಕಿಯೇ ಅಂಥ ಕಾರಣ. ಹೆಚ್ಚು ಹೇಳಿದರೆ ವಿಷಯ ಬೇರೆ ಕಡೆ ಹರಿಯುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ನಾಪೋಕ್ಲು ಗೋಲ್‌ಕೀಪರ್

ಪತ್ರಿಕೆಯವರು ಪ್ರತಿ ಸಲ 'ಫೈನಲ್‌ಗೆ ಲಗ್ಗೆ' ಎಂದು ಬರೆಯುವುದು ಈಗ ನನಗೆ ಬೇರೆ ರೀತಿ ಕೇಳಿಸುತ್ತದೆ. ಲಗ್ಗೆ ಹಾಕುವುದು ಕೋಟೆಗೆ, ಗಡಿಗೆ. ಫೈನಲ್‌ನೊಳಗೆ ಗಡಿ ಇದೆ ಎಂದು ಗೊತ್ತಿಲ್ಲದೆಯೇ ಸರಿಯಾದ ಕ್ರಿಯಾಪದವನ್ನು ಹಿಡಿದಿದ್ದಾರೆ.

ಸಿದ್ದಾಪುರದ ಬೆಳೆಗಾರ

'ತೀರು' ಎಂಬುದನ್ನು ಓದಿದಾಗ ನಮ್ಮ ತಂದೆಯ ಲೆಕ್ಕದ ಪುಸ್ತಕ ನೆನಪಾಯಿತು. ಪೂಲ್‌ನ ಕಡೆಯ ಹಣ ಬಂದ ಸಾಲಿನ ಎದುರು ಅವರು ಫೈನಲ್ ಎಂದು ಬರೆಯುತ್ತಿರಲಿಲ್ಲ. 'ತೀರುವಳಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಈಗ ಹೋಗಿ ಕಪಾಟು ತೆರೆದು ನೋಡಿದೆ. ಹಾಗೆಯೇ ಇದೆ.

ಮಡಿಕೇರಿ ಮಂಜು

ಎಲ್ಲರಿಗೂ ಕೃತಜ್ಞತೆ. ಒಂದು ನೋಟಿಸಿನಿಂದ ಇಷ್ಟು ದೂರ ಬರುತ್ತೇವೆ ಎಂದು ಎಣಿಸಿರಲಿಲ್ಲ.

ಶಿಕ್ಷಕಿಯವರು ಮೊದಲ ದಿನ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಇದು ಕಡೆಯ ಸಲ ಹೇಳುವುದು ಎಂದಷ್ಟೇ ಅಲ್ಲವೇ, ಹಾಗೆಯೇ ಬರೆಯಬಹುದಿತ್ತು" ಎಂದರು. ನನಗೆ ಅನಿಸುವುದೂ ಅದೇ. 'ಬಾಕಿ ಕಂತಿನ ಬಗ್ಗೆ ಕಡೆಯ ಬಾರಿಯ ತಿಳಿವಳಿಕೆ' ಎಂದು ಇದ್ದಿದ್ದರೆ ಆ ಸಂಜೆ ನಮ್ಮ ಮನೆಯಲ್ಲಿ ದೀಪ ಹಚ್ಚುವುದು ನಿಲ್ಲುತ್ತಿರಲಿಲ್ಲ.

ಮೆಣಸು ಮಾರಿದ ಹಣದಲ್ಲಿ ಬಾಕಿಯ ಜೊತೆ ಉಳಿದ ಕಂತುಗಳನ್ನೂ ಸೇರಿಸಿ ನಿನ್ನೆ ಪೂರ್ತಿ ಕಟ್ಟಿ ಬಂದೆವು. ರಸೀದಿಯಲ್ಲಿ ಮತ್ತೆ ಅದೇ ಮಾತು, 'ಅಂತಿಮ ಪಾವತಿ'. ಅಮ್ಮ ಅದರ ಪಕ್ಕದಲ್ಲಿ ಪೆನ್ನಿನಿಂದ 'ತೀರಿತು' ಎಂದು ಬರೆದು ತಾರೀಖು ಹಾಕಿ ಅಪ್ಪನ ಕಾಗದಗಳ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ವಿರಾಜಪೇಟೆಯ ನಿವೃತ್ತ ವಕೀಲ

ಬಹಳ ಸಂತೋಷ. ಆದರೆ ರಸೀದಿಯೊಂದೇ ಸಾಲದು. ಬಾಕಿ ಇಲ್ಲ ಎಂಬ ಪ್ರಮಾಣಪತ್ರವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ತಂದೆಯವರು ಜಮೀನಿನ ಮೂಲಪತ್ರ ಕೊಟ್ಟಿದ್ದರೆ ಹಿಂದಕ್ಕೆ ತನ್ನಿ. ಪಹಣಿಯಲ್ಲಿ ಈ ಸಾಲದ ನಮೂದು ಇದ್ದರೆ ಅದನ್ನು ತೆಗೆಸಲು ಅರ್ಜಿ ಕೊಡಿ. ತೆಗೆದ ಮೇಲೆ ಹೊಸ ಪ್ರತಿ ತೆಗೆದುಕೊಂಡು ನೋಡಿ.

ಮಡಿಕೇರಿ ಮಂಜು

ಇವ್ಯಾವುವೂ ನನಗೆ ತಿಳಿದಿರಲಿಲ್ಲ. ಸೋಮವಾರ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ.